ಅಂತರಗಂಗೆ ಬೆಟ್ಟಕ್ಕೊಂದು ದಿಕ್ಸೂಚಿ

ಕೋಲಾರದ ಅಂತರಗಂಗೆಯ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರು ಕುಡಿದು, ಕಾಶಿ ವಿಶ್ವೇಶ್ವರನಿಗೆ ಕೈಮುಗಿದು ಇಳಿಯುವವರಿಗೆ ದಿಕ್ಸೂಚಿ ಬೇಕಿಲ್ಲ. ಅಲ್ಲಿಂದ ಮುಂದೆ ಗುಹೆಗಳ ಕಡೆಗೋ ತೇರಹಳ್ಳಿಯ ಕಡೆಗೋ ಹೊರಟವರಿಗೆ ಬೇಕು. ಈ ಶತಶೃಂಗ ಬೆಟ್ಟಸಾಲಿನ ಮೇಲೆ ಒಂದು ಬಂಡೆಯಂತೆಯೇ ಇನ್ನೊಂದು. ಲಂಟಾನ ಪೊದೆ ಕಾಲುದಾರಿಯನ್ನು ಮುಚ್ಚಿರುತ್ತದೆ. ಬಂಡೆಗಳ ಸಂದಿಯಲ್ಲಿ ನುಸುಳಿ ಹೊರಬಂದವರಿಗೆ ಊರು ಯಾವ ಕಡೆ ಎಂಬುದೇ ತಪ್ಪಿಹೋಗುತ್ತದೆ. ಮೊಬೈಲನ್ನೇ ನಂಬಿದವರಿಗೆ ಬ್ಯಾಟರಿ ಮುಗಿದ ಮೇಲೆ ಬೇರೆ ಗತಿಯಿಲ್ಲ.

ಹಂತ 1: ಆರಿಸುವುದು

ಕೀಚೈನಿಗೆ ನೇತುಹಾಕುವ ಆಟಿಕೆ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂತಿರುವ, ಒಳಗೆ ದ್ರವ ತುಂಬಿದ, ಸುತ್ತ ತಿರುಗುವ ಬಳೆಯ ಮೇಲೆ 0ರಿಂದ 360ರವರೆಗೆ ಡಿಗ್ರಿ ಗುರುತಿರುವ ದಿಕ್ಸೂಚಿ ಕೊಳ್ಳಿ. ದ್ರವ ಇರುವುದರಿಂದ ಮುಳ್ಳು ಬೇಗ ನಿಲ್ಲುತ್ತದೆ. ಒಳಗೆ ದೊಡ್ಡ ಗಾಳಿಗುಳ್ಳೆ ಕಂಡರೆ ಆ ತುಂಡು ಬಿಟ್ಟುಬಿಡಿ.

ಹೊರದೇಶದ ಮಾಲು ಕೊಳ್ಳುವವರು ಇನ್ನೊಂದು ವಿಷಯ ನೋಡಬೇಕು. ಯುರೋಪಿನಲ್ಲಿ ಭೂಮಿಯ ಕಾಂತಬಲ ಮುಳ್ಳಿನ ಉತ್ತರದ ತುದಿಯನ್ನು ಕಡಿದಾಗಿ ಕೆಳಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಅಲ್ಲಿಯವರು ದಕ್ಷಿಣದ ತುದಿಗೆ ತೂಕ ಕೊಟ್ಟಿರುತ್ತಾರೆ. ನಮ್ಮಲ್ಲಿ ಆ ಎಳೆತ ಬಹಳ ಕಡಿಮೆ. ಆ ಎಳೆತವೇ ಇಲ್ಲದ ಕಾಂತೀಯ ಸಮಭಾಜಕ ರೇಖೆ ದಕ್ಷಿಣದಲ್ಲಿ ಕೇರಳದ ತುದಿಯ ಹತ್ತಿರವೇ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ಪಕ್ಕದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸಲು ಶುರುಮಾಡಿದ್ದೂ ಅದೇ ಕಾರಣಕ್ಕೆ. ಹಾಗಾಗಿ ಯುರೋಪಿಗೆಂದು ತೂಗಿದ ಮುಳ್ಳು ಇಲ್ಲಿ ಒಂದು ಕಡೆ ವಾಲಿ ತಳಕ್ಕೆ ಉಜ್ಜಬಹುದು. ಅಂಗೈ ಮೇಲೆ ಸಮನಾಗಿ ಹಿಡಿದು ಒಂದು ಸುತ್ತು ತಿರುಗಿ. ಮುಳ್ಳು ಎಲ್ಲೂ ತಡೆಯದೆ ಉತ್ತರಕ್ಕೇ ನಿಂತರೆ ತೆಗೆದುಕೊಳ್ಳಿ.

ಹಂತ 2: ಮೈಮೇಲೆ ಜಾಗ ಕೊಡುವುದು

ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ಎದೆಯ ಮಟ್ಟದಲ್ಲಿ ಹಿಡಿದು ನೋಡುವಂತಿರಬೇಕು. ಮೊಬೈಲ್, ಅದರ ಆಯಸ್ಕಾಂತದ ಕವರ್, ಟಾರ್ಚ್, ಚಾಕು, ಬೀಗದ ಕೈ ಇವನ್ನೆಲ್ಲ ಅಂಗಿಯ ಜೇಬಿನಿಂದ ತೆಗೆದು ಬೆನ್ನಚೀಲಕ್ಕೆ ಹಾಕಿ. ಕಬ್ಬಿಣ, ಆಯಸ್ಕಾಂತ ಹತ್ತಿರವಿದ್ದರೆ ಮುಳ್ಳು ದಿಕ್ಕು ತಪ್ಪುತ್ತದೆ. ಓದುವಾಗ ಬೈಕು, ಕಬ್ಬಿಣದ ಬೇಲಿ, ವಿದ್ಯುತ್ ತಂತಿಗಳ ಹತ್ತಿರ ನಿಲ್ಲಬೇಡಿ.

ಹಂತ 3: ಹೊರಡುವ ಮೊದಲೇ ದಿಕ್ಕು ಬರೆದುಕೊಳ್ಳುವುದು

ಇದೇ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಬಿಡುವುದೂ ಇದನ್ನೇ. ದಾರಿ ತಪ್ಪಿದ ಮೇಲೆ ದಿಕ್ಸೂಚಿ ಹೊರತೆಗೆದರೆ ಅದು ಉತ್ತರವನ್ನಷ್ಟೇ ತೋರಿಸುತ್ತದೆ, ನೀವು ಬಂದ ದಾರಿಯನ್ನಲ್ಲ. ದೇವಸ್ಥಾನದ ಬಳಿ ನಿಂತು, ಹೋಗಬೇಕಾದ ಕಡೆಗೆ ಪಟ್ಟಿಯ ಬಾಣ ತಿರುಗಿಸಿ. ಬಳೆಯ ಉತ್ತರದ ಗುರುತು ಮುಳ್ಳಿನ ಕೆಂಪು ತುದಿಯ ಕೆಳಗೆ ಬರುವವರೆಗೆ ಬಳೆ ತಿರುಗಿಸಿ. ಬಾಣದ ಬುಡದಲ್ಲಿ ಕಾಣುವ ಅಂಕಿಯನ್ನು ಚೀಟಿಯಲ್ಲಿ ಬರೆಯಿರಿ.

ಮರಳುವ ದಿಕ್ಕು ತಿಳಿಯಲು ಆ ಅಂಕಿಗೆ 180 ಕೂಡಿಸಿ. ಅಂಕಿ 180ಕ್ಕಿಂತ ಹೆಚ್ಚಿದ್ದರೆ 180 ಕಳೆಯಿರಿ. 300 ಹಿಡಿದು ಹೋದವರು 120 ಹಿಡಿದು ಬರಬೇಕು. ಕೋಲಾರ ಪಟ್ಟಣ ಬೆಟ್ಟಕ್ಕೆ ಪೂರ್ವದಲ್ಲಿದೆ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದಿಡಿ.

ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಲ್ಲಿ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ. ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗುತ್ತೀರಿ. ಬೆಟ್ಟದ ನಡಿಗೆಗೆ ಇದು ಲೆಕ್ಕಕ್ಕಿಲ್ಲ. ಆದರೆ ಜೇಬಿನ ಮೊಬೈಲ್ ಮುಳ್ಳನ್ನು 10 ಡಿಗ್ರಿ ಸರಿಸಿದರೆ ಅದೇ ತಪ್ಪು ಸುಮಾರು 175 ಮೀಟರ್ ಆಗುತ್ತದೆ.

ಹಂತ 4: ನಡೆಯುವುದು

ಮುಳ್ಳು ನೋಡುತ್ತಾ ನಡೆದರೆ ಎಡವುತ್ತೀರಿ. ಬಾಣದ ನೇರಕ್ಕೆ ಕಾಣುವ ಒಂದು ಮರವನ್ನೋ ಬಂಡೆಯನ್ನೋ ಗುರುತಿಟ್ಟು ಅಲ್ಲಿಯವರೆಗೆ ಹೋಗಿ, ಮತ್ತೆ ನೋಡಿ. ಅಡ್ಡಬಂದ ಬಂಡೆಯನ್ನು ಬಳಸಿಹೋದರೆ ಅದೇ ನೇರಕ್ಕೆ ವಾಪಸ್ ಬನ್ನಿ. ದಿಕ್ಕು ಬದಲಿಸಿದಲ್ಲೆಲ್ಲ ಹೊಸ ಅಂಕಿ ಬರೆಯಿರಿ.

ಹಂತ 5: ಅನುಮಾನ ಬಂದಾಗ

ಅಂತರಗಂಗೆಯ ಗ್ರಾನೈಟ್ ಬಂಡೆ ಸಾಮಾನ್ಯವಾಗಿ ಮುಳ್ಳನ್ನು ಕೆಡಿಸುವುದಿಲ್ಲ. ಸಿಡಿಲು ಬಡಿದ ನೆತ್ತಿಯ ಬಂಡೆ ಮಾತ್ರ ಕಾಂತಗುಣ ಪಡೆದಿರಬಹುದು. ಕೆಜಿಎಫ್ ಕಡೆ ಚಿನ್ನದ ಗಣಿಗಳಿದ್ದ ಶಿಲಾಪಟ್ಟಿಯಲ್ಲಿ ಕಬ್ಬಿಣದ ಅಂಶವಿರುವ ಪಟ್ಟೆಪಟ್ಟೆ ಕಲ್ಲುಗಳಿವೆ. ಅಲ್ಲಿ ಹೆಚ್ಚು ಎಚ್ಚರ ಬೇಕು. ಪರೀಕ್ಷೆ ಸುಲಭ. ದೂರದ ಒಂದು ಗುರುತಿನ ದಿಕ್ಕನ್ನು ಓದಿ, ಅದೇ ನೇರದಲ್ಲಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಓದಿ. ಎರಡೂ ಅಂಕಿ ಒಂದೇ ಇದ್ದರೆ ಮುಳ್ಳನ್ನು ನಂಬಿ. ಬೇರೆಯಿದ್ದರೆ ಆ ಬಂಡೆಯಿಂದ ದೂರ ಸರಿದು ಓದಿ.

ಮೊದಲ ಸಲ ಬೆಳಗಿನ ಬೆಳಕಿನಲ್ಲಿ, ದಾರಿ ಬಲ್ಲವರ ಜೊತೆ ಅಭ್ಯಾಸ ಮಾಡಿ. ರಾತ್ರಿ ಚಾರಣದ ಮಾತು ಆಮೇಲೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದನ್ನು ಮನೆಯಲ್ಲಿ ಹೇಳಿಯೇ ಹೊರಡಿ.