ಅಡುಗೆಮನೆಯ ಜಿರಳೆಗೆ ಕಡಿಮೆ ಖರ್ಚಿನ ಮದ್ದು

ಹೊಸದಾಗಿ ಬಾಡಿಗೆ ಮನೆ ಹಿಡಿದವರು ಅಡುಗೆಮನೆಯಲ್ಲಿ ಜಿರಳೆ ಕಂಡ ಕೂಡಲೇ ಅಂಗಡಿಗೆ ಹೋಗಿ ಸ್ಪ್ರೇ ಡಬ್ಬಿ ತರುತ್ತಾರೆ. ಹೊಡೆದಾಗ ಎದುರಿಗಿದ್ದ ನಾಲ್ಕಾರು ಸಾಯುತ್ತವೆ, ಮನಸ್ಸಿಗೂ ಸಮಾಧಾನವಾಗುತ್ತದೆ. ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಹೀಗೆ ಡಬ್ಬಿಯ ಮೇಲೆ ಡಬ್ಬಿ ಖಾಲಿಯಾಗುತ್ತದೆ, ಜಿರಳೆ ಮಾತ್ರ ಖಾಲಿಯಾಗುವುದಿಲ್ಲ. ಏಕೆಂದರೆ ನಮ್ಮ ಕಣ್ಣಿಗೆ ಬೀಳುವುದು ಗುಂಪಿನ ಸಣ್ಣ ಪಾಲು. ಮರಿಗಳು ಮತ್ತು ಮೊಟ್ಟೆ ಹೊತ್ತ ಹೆಣ್ಣುಗಳು ಸಂದಿಯೊಳಗೆ ಇರುತ್ತವೆ, ಅಲ್ಲಿಗೆ ಸ್ಪ್ರೇ ಮುಟ್ಟುವುದಿಲ್ಲ. ಅದರ ವಾಸನೆಗೆ ಬೆದರಿ ಇನ್ನಷ್ಟು ಒಳಗೆ, ಕೆಲವೊಮ್ಮೆ ಪಕ್ಕದ ಕೋಣೆಗೂ ಸರಿಯುತ್ತವೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಜಿರಳೆಯನ್ನು ಅಟ್ಟಿಸಿಕೊಂಡು ಹೋಗಬೇಡಿ. ಅದು ಇರುವ ಕಡೆಗೇ ಊಟದ ರೂಪದಲ್ಲಿ ವಿಷ ಕಳಿಸಿ. ಖರ್ಚು ಕಡಿಮೆ, ತಾಳ್ಮೆ ಸ್ವಲ್ಪ ಹೆಚ್ಚು ಬೇಕು.

ವಿಷಕ್ಕೆ ಕೈ ಹಾಕುವ ಮೊದಲು ನಿಮ್ಮ ಮನೆಯಲ್ಲಿರುವುದು ಯಾವ ಜಿರಳೆ ಎಂದು ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಜಾತಿ. ದೊಡ್ಡದು ಕೆಂಗಂದು ಬಣ್ಣದ್ದು, ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್ ಉದ್ದ, ರೆಕ್ಕೆ ಬಿಚ್ಚಿ ಹಾರುವುದೂ ಉಂಟು. ಇದಕ್ಕೆ ಅಮೆರಿಕನ್ ಜಿರಳೆ ಎಂದು ಹೆಸರು. ಇದರ ಬಿಡಾರ ಚರಂಡಿ, ಮ್ಯಾನ್‌ಹೋಲ್, ಪೈಪಿನ ಒಳಗೆ. ಬಚ್ಚಲಿನ ಮೂಲಕ ಮೇಲೆ ಬರುತ್ತದೆ. ಇದಕ್ಕೆ ಅಡುಗೆಮನೆಯಲ್ಲಿ ಮದ್ದಿಟ್ಟು ಪ್ರಯೋಜನವಿಲ್ಲ, ದಾರಿ ಮುಚ್ಚಬೇಕು. ಬಚ್ಚಲಿನ ಜಾಲಿ ಮುರಿದಿದ್ದರೆ ಬದಲಿಸಿ, ರಾತ್ರಿ ಅದರ ಮೇಲೊಂದು ಮುಚ್ಚಳ ಇಡಿ. ಬಳಸದ ಬಚ್ಚಲಿದ್ದರೆ ಅದರ ನಹಾನಿ ಟ್ರ್ಯಾಪಿನ, ಅಂದರೆ ಜಾಲಿಯ ಕೆಳಗೆ ನೀರು ನಿಲ್ಲುವ ಬಟ್ಟಲಿನ, ನೀರು ಆರಿ ಹೋಗಿ ಚರಂಡಿಗೂ ಮನೆಗೂ ನೇರ ಬಾಗಿಲು ತೆರೆದಂತಾಗುತ್ತದೆ. ವಾರಕ್ಕೆರಡು ಸಲ ಒಂದು ತಂಬಿಗೆ ನೀರು ಸುರಿದರೆ ಸಾಕು. ದೊಡ್ಡ ಜಿರಳೆಯ ಕಾಟ ಬಹುಪಾಲು ಇಷ್ಟಕ್ಕೇ ಮುಗಿಯುತ್ತದೆ.

ನಿಜವಾದ ತಲೆನೋವು ಚಿಕ್ಕದು. ತಿಳಿಕಂದು ಬಣ್ಣ, ಉದ್ದ ಒಂದೂವರೆ ಸೆಂಟಿಮೀಟರಿನ ಆಸುಪಾಸು, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದು ಜರ್ಮನ್ ಜಿರಳೆ. 1767ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇದನ್ನು ದಾಖಲಿಸಿದಾಗ ಜರ್ಮನಿಯ ಹೆಸರು ಅಂಟಿಕೊಂಡಿತು. ಆದರೆ 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದರ ಪ್ರಕಾರ, ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಸೀಮೆಯಲ್ಲಿ ಏಷ್ಯಾದ ಒಂದು ಹೊಲದ ಜಿರಳೆಯಿಂದ ಇದು ಕವಲೊಡೆಯಿತು. ಅಂದಿನಿಂದ ಮನುಷ್ಯನ ಜೊತೆಯೇ ಇದರ ಸಂಸಾರ. ಕಾಡಿನಲ್ಲಿ, ಬಯಲಿನಲ್ಲಿ ಇದು ಸಿಗುವುದಿಲ್ಲ. ನಮ್ಮ ಕೆಲಸಕ್ಕೆ ಇದೊಂದು ಮುಖ್ಯ ಸುಳಿವು: ಇದು ಹೊರಗಿನಿಂದ ಹಾರಿ ಬಂದದ್ದಲ್ಲ. ಕಿರಾಣಿ ಸಾಮಾನಿನ ರಟ್ಟಿನ ಪೆಟ್ಟಿಗೆ, ಮೊಟ್ಟೆಯ ಟ್ರೇ, ಈರುಳ್ಳಿ ಚೀಲ, ಸೆಕೆಂಡ್‌ಹ್ಯಾಂಡ್ ಫ್ರಿಜ್ಜು, ಇವುಗಳ ಜೊತೆ ನಾವೇ ಒಳಗೆ ತಂದದ್ದು, ಇಲ್ಲವೇ ಗೋಡೆಯಾಚೆಯ ಮನೆಯಿಂದ ಪೈಪಿನ ಸಂದಿಯಲ್ಲಿ ನುಸುಳಿದ್ದು.

ಇದರ ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳಿರುವ ಚೀಲವನ್ನು ಹಿಂಭಾಗದಲ್ಲಿ ಕಚ್ಚಿಸಿಕೊಂಡೇ ತಿರುಗುತ್ತದೆ, ಮರಿಯಾಗುವ ಹೊತ್ತಿಗೆ ಮಾತ್ರ ಬಿಡುತ್ತದೆ. ಆ ಚೀಲದ ಸಿಪ್ಪೆ ದಾಟಿ ಔಷಧ ಒಳಗಿಳಿಯುವುದು ಕಷ್ಟ. ಮರಿ ಬೆಳೆದು ಮೊಟ್ಟೆಯಿಡಲು ಎರಡು ಮೂರು ತಿಂಗಳು ಸಾಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜಿರಳೆಯ ಹಿಕ್ಕೆ, ಕಳಚಿದ ಚರ್ಮ ಧೂಳಿನಲ್ಲಿ ಬೆರೆತು ಅಲರ್ಜಿಯನ್ನೂ ಅಸ್ತಮಾವನ್ನೂ ಕೆರಳಿಸುತ್ತವೆ.

ಈಗ ಹುಡುಕುವ ಕೆಲಸ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ದೀಪ ಹಾಕದೆ, ಮೊಬೈಲಿನ ಟಾರ್ಚ್ ಹಿಡಿದು ಹೋಗಿ. ಯಾವ ದಿಕ್ಕಿಗೆ ಓಡುತ್ತವೆ ಎಂಬುದನ್ನು ಮಾತ್ರ ನೋಡಿ, ಹೊಡೆಯಲು ಹೋಗಬೇಡಿ. ಮರುದಿನ ಬೆಳಕಿನಲ್ಲಿ ಆ ಜಾಗ ಪರೀಕ್ಷಿಸಿ. ಕಪಾಟಿನ ಬಾಗಿಲು ಪೂರ್ತಿ ತೆರೆದು ಕೀಲಿನ ಸುತ್ತ ಬೆಳಕು ಬಿಟ್ಟರೆ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದು ಹಿಕ್ಕೆ. ಅದರ ವಾಸನೆಯೇ ಉಳಿದ ಜಿರಳೆಗಳನ್ನು ಅಲ್ಲಿಗೆ ಕರೆಯುತ್ತದೆ. ಫ್ರಿಜ್ಜಿನ ಹಿಂದೆ ಮೋಟಾರಿನ ಬಳಿ, ಮಿಕ್ಸಿಯ ಅಡಿ, ಗ್ಯಾಸ್ ಸ್ಟವ್ವಿನ ಕೆಳಮೈ, ಡ್ರಾಯರಿನ ಪಟ್ಟಿ, ಸಿಂಕಿನ ಪೈಪು ಗೋಡೆ ಹೊಕ್ಕ ತೂತು, ನೀರಿನ ಫಿಲ್ಟರಿನ ಪೆಟ್ಟಿಗೆಯ ಒಳಗೆ ತಪ್ಪದೆ ನೋಡಿ. ಬೆಚ್ಚಗಿರಬೇಕು, ಕತ್ತಲಿರಬೇಕು, ಬೆನ್ನಿಗೂ ಹೊಟ್ಟೆಗೂ ಎರಡೂ ಕಡೆ ತಾಗುವಷ್ಟು ಇಕ್ಕಟ್ಟಿರಬೇಕು: ಇದು ಅದರ ಇಷ್ಟ. ಹಗಲಿನಲ್ಲೂ ಓಡಾಡುತ್ತಿದ್ದರೆ ಒಳಗೆ ಜಾಗ ಸಾಲದಷ್ಟು ಸಂಖ್ಯೆ ಹೆಚ್ಚಿದೆ ಎಂದರ್ಥ.

ಜಾಗ ಗೊತ್ತಾದ ಮೇಲೆ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಕ್ಕೆ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಸ್ವಚ್ಛತೆಯೊಂದರಿಂದಲೇ ಜಿರಳೆ ಸಾಯುವುದಿಲ್ಲ, ಅದು ನಿಜ. ಆದರೆ ತಿನ್ನಲು ಬೇರೇನೂ ಸಿಗದಿದ್ದರೆ ತಾನೇ ಅದು ನಮ್ಮ ಮದ್ದಿಗೆ ಬಾಯಿ ಹಾಕುವುದು? ಮುಸುರೆ ಪಾತ್ರೆಯನ್ನು ರಾತ್ರಿಯೇ ತೊಳೆದಿಡಿ, ಸ್ಟವ್ವಿನ ಕೆಳಗೆ ಬಿದ್ದ ಒಗ್ಗರಣೆಯ ಸಾಸಿವೆ, ಅನ್ನದ ಅಗುಳು ಒರೆಸಿ, ಕಸ ಹೊರಗಿಡಿ. ಅನ್ನಕ್ಕಿಂತ ನೀರು ಮುಖ್ಯ. ನೀರು ಸಿಕ್ಕರೆ ಚಿಕ್ಕ ಜಿರಳೆ ಊಟವಿಲ್ಲದೆ ತಿಂಗಳ ಹತ್ತಿರ ಬದುಕುತ್ತದೆ, ನೀರಿಲ್ಲದಿದ್ದರೆ ಎರಡು ವಾರ ದಾಟುವುದು ಕಷ್ಟ. ಆದ್ದರಿಂದ ಮಲಗುವ ಮುಂಚೆ ಸಿಂಕನ್ನು ಒಣಬಟ್ಟೆಯಿಂದ ಒರೆಸಿ. ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿಸಿ.

ಇನ್ನು ಮದ್ದು. ಅಗ್ಗದ್ದೆಂದರೆ ಬೋರಿಕ್ ಪೌಡರ್, ಕೇರಂ ಬೋರ್ಡಿಗೆ ಉದುರಿಸುತ್ತಿದ್ದ ಬಿಳಿ ಪುಡಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲೆ ಬೋರಿಕ್ ಆಸಿಡ್ ಎಂದೇ ಇರಲಿ, ಕೇರಂ ಪುಡಿ ಎಂದು ಮಾರುವುದರಲ್ಲಿ ಕೆಲವು ಬರೀ ಪಿಷ್ಟ. ಈ ಪುಡಿಯ ಮೇಲೆ ನಡೆದ ಜಿರಳೆ ತನ್ನ ಕಾಲು, ಮೀಸೆ ನೆಕ್ಕಿ ಶುಚಿ ಮಾಡಿಕೊಳ್ಳುವಾಗ ಅದು ಹೊಟ್ಟೆಗೆ ಹೋಗಿ ಕೆಲವು ದಿನಗಳಲ್ಲಿ ಸಾಯುತ್ತದೆ. ಹೊಸಬರು ಇಲ್ಲಿ ಎಡವುವುದು ಪ್ರಮಾಣದಲ್ಲಿ. ರಾಶಿ ಸುರಿದರೆ ಜಿರಳೆ ಸುತ್ತು ಹಾಕಿ ಹೋಗುತ್ತದೆ. ಒಣಗಿದ ಪೇಂಟ್ ಬ್ರಷ್ಷನ್ನು ಪುಡಿಯಲ್ಲಿ ಅದ್ದಿ, ಕೊಡವಿ, ಕಂಡೂ ಕಾಣದಷ್ಟು ತೆಳ್ಳಗೆ ಬಳಿಯಿರಿ. ಫ್ರಿಜ್ಜಿನ ಹಿಂದೆ, ಕಪಾಟಿನ ತಳದ ಟೊಳ್ಳಿನಲ್ಲಿ, ಪೈಪಿನ ತೂತಿನ ಒಳಗೆ, ಹೀಗೆ ಕೈಗೆ ಸಿಗದ ಒಣ ಜಾಗಕ್ಕೆ ಮಾತ್ರ. ಒದ್ದೆಯಾದರೆ ಕೆಲಸ ಮಾಡುವುದಿಲ್ಲ. ಅಡುಗೆ ಕಟ್ಟೆಯ ಮೇಲೆ ಬೇಡವೇ ಬೇಡ.

ಉಂಡೆಯನ್ನೂ ಮಾಡಬಹುದು. ಒಂದು ಪಾಲು ಬೋರಿಕ್ ಪುಡಿ, ಮೂರು ಪಾಲು ಮೈದಾ, ಒಂದು ಪಾಲು ಸಕ್ಕರೆ, ತುರಿದ ಈರುಳ್ಳಿ ಸ್ವಲ್ಪ. ನೀರು ಚಿಮುಕಿಸಿ ಕಲಸಿ, ಕಡಲೆಕಾಳಿನ ಗಾತ್ರದ ಉಂಡೆ ಕಟ್ಟಿ ಬಾಟಲಿ ಮುಚ್ಚಳಗಳಲ್ಲಿ ಇಡಿ. ಒಣಗಿ ಗಟ್ಟಿಯಾದ ಉಂಡೆಯನ್ನು ಜಿರಳೆ ಮೂಸುವುದಿಲ್ಲ, ವಾರಕ್ಕೊಮ್ಮೆ ಹೊಸದು ಮಾಡಿ.

ಆದರೆ ಒಂದೇ ಒಂದು ವಸ್ತುವಿಗೆ ದುಡ್ಡಿದೆ ಎನ್ನುವವರಿಗೆ ನಾನು ಹೇಳುವುದು ಜೆಲ್ ಕೊಳ್ಳಿ ಎಂದು. ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇರುವ ಸಣ್ಣ ಸಿರಿಂಜು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದು ಅಡುಗೆಮನೆಗೆ ಅದು ಧಾರಾಳ. ಅಕ್ಕಿಕಾಳಿನಷ್ಟು ಚುಕ್ಕೆ ಸಾಕು. ಎರಡು ಮೂರು ದೊಡ್ಡ ಬೊಟ್ಟಿಗಿಂತ ಹಿಕ್ಕೆ ಕಂಡ ಕೀಲು, ಸಂದಿಗಳಲ್ಲೆಲ್ಲ ಸಣ್ಣ ಚುಕ್ಕೆ ಇಟ್ಟರೆ ಬೇಗ ಫಲ. ತಿಂದ ಜಿರಳೆ ಗೂಡಿಗೆ ಮರಳಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿನ್ನುವ ಮರಿಗಳಿಗೂ ವಿಷ ತಲಪುತ್ತದೆ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಬೇಡಿ, ಫಿನಾಯಿಲ್ ಒರೆಸಬೇಡಿ. ವಾಸನೆ ತಾಗಿದರೆ ಜಿರಳೆ ಅತ್ತ ಸುಳಿಯುವುದಿಲ್ಲ. ಎದುರಿಗೇ ಸಿಕ್ಕ ಜಿರಳೆಗೆ ಸೋಪಿನ ನೀರು ಎರಚಿದರೆ ಸಾಕು, ಉಸಿರಾಡುವ ರಂಧ್ರ ಮುಚ್ಚಿ ಸಾಯುತ್ತದೆ.

ಮೊದಲ ವಾರದಲ್ಲಿ ಹಗಲಲ್ಲೇ ತೂರಾಡುವ, ಅಂಗಾತ ಬಿದ್ದ ಜಿರಳೆಗಳು ಕಾಣುತ್ತವೆ. ಆಮೇಲೆ ಪುಟ್ಟ ಮರಿಗಳು ಕಂಡರೆ ಮದ್ದು ಸೋತಿತೆಂದು ಕೈಬಿಡಬೇಡಿ. ಅವು ಮೊದಲು ಹೇಳಿದ, ಔಷಧ ಒಳಗಿಳಿಯದ ಮೊಟ್ಟೆಚೀಲಗಳಿಂದ ಬಂದವು. ಎರಡು ಮೂರು ವಾರಕ್ಕೊಮ್ಮೆ ಜೆಲ್ ಹೊಸದಾಗಿ ಇಡುತ್ತಾ ಎರಡು ತಿಂಗಳು ಬಿಡದೆ ನಡೆಸಿ. ಪೈಪಿನ ತೂತುಗಳನ್ನು ಬಿಳಿ ಸಿಮೆಂಟಿನಿಂದ ಮುಚ್ಚಿ.

ದುಡ್ಡು ಹಾಕಬಾರದ ಕಡೆಗಳನ್ನೂ ಹೇಳಬೇಕು. ಪ್ಲಗ್ಗಿಗೆ ಸಿಕ್ಕಿಸುವ ಶಬ್ದತರಂಗದ ಯಂತ್ರದಿಂದ ಜಿರಳೆ ಹೋಗುವುದಿಲ್ಲ. ಪಲಾವ್ ಎಲೆ, ಸೌತೆಕಾಯಿ ಸಿಪ್ಪೆಯಿಂದ ಗುಂಪು ಕರಗುವುದಿಲ್ಲ. ನುಸಿಗುಳಿಗೆಯ ಆವಿ ಕೆಲವು ಎಳೆಮಕ್ಕಳ ರಕ್ತಕಣಗಳನ್ನೇ ಒಡೆಯಬಲ್ಲದು, ಕೂಸಿರುವ ಮನೆಯಲ್ಲಿ ಅದನ್ನು ಇಡಲೇಬೇಡಿ. ವಿಷದ ಚಾಕ್‌ಪೀಸನ್ನು ಮಕ್ಕಳು ಬಳಪವೆಂದು ಬಾಯಿಗಿಡುತ್ತಾರೆ. ಸ್ಟವ್ ಉರಿಯುವಾಗ ಸ್ಪ್ರೇ ಹೊಡೆದರೆ ಬೆಂಕಿ ಹತ್ತಬಹುದು. ಬೋರಿಕ್ ಪುಡಿಯೂ ನುಂಗಿದರೆ ಮನುಷ್ಯರಿಗೆ ವಿಷವೇ. ನೋಡಲು ಮೈದಾದಂತಿರುವುದರಿಂದ ಹೆಸರು ಬರೆದ ಡಬ್ಬಿಯಲ್ಲಿ, ಅಡುಗೆಮನೆಯ ಹೊರಗೆ, ಎತ್ತರದಲ್ಲಿಡಿ. ಕಲಸಿದ ಚಮಚವನ್ನು ಮತ್ತೆ ಅಡುಗೆಗೆ ತರಬೇಡಿ.

ಅಪಾರ್ಟ್‌ಮೆಂಟಿನಲ್ಲೋ ವಠಾರದಲ್ಲೋ ಇರುವವರಿಗೆ ಒಂದು ವಿನಂತಿ. ಮೇಲಿನ ಮನೆ, ಕೆಳಗಿನ ಮನೆ, ನಿಮ್ಮ ಮನೆಗೆಲ್ಲ ಪೈಪಿನ ದಾರಿ ಒಂದೇ. ನೀವೊಬ್ಬರೇ ಮದ್ದಿಟ್ಟರೆ ಕೆಲವು ತಿಂಗಳಲ್ಲಿ ಅವು ಅದೇ ದಾರಿಯಲ್ಲಿ ಮರಳುತ್ತವೆ. ಸಂಕೋಚ ಬಿಟ್ಟು ಅಕ್ಕಪಕ್ಕದವರಿಗೆ ಹೇಳಿ, ಎಲ್ಲರೂ ಒಂದೇ ವಾರದಲ್ಲಿ ಜೆಲ್ ಇಡಿ.