ಮೊದಲು ಹಲಗೆ, ಬಣ್ಣ ಆಮೇಲೆ

ಪುಟ್ಟೀ,

ಐದು ಸಾವಿರ ರೂಪಾಯಿಯೊಳಗೆ ಸ್ವಂತ ಮೆಕ್ಯಾನಿಕಲ್ ಕೀಬೋರ್ಡ್ ಕಟ್ಟಿಕೊಳ್ಳಬೇಕು ಅಂತ ಹೊರಟಿದ್ದೀಯ. ಆಗುತ್ತೆ. ಆದರೆ ಎಲ್ಲರ ಹಾಗೆ ನೀನೂ ಮೊದಲು ಕೀಕ್ಯಾಪ್‌ಗಳ ಬಣ್ಣ ನೋಡ್ತಾ ಕೂತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಕೀಕ್ಯಾಪ್ ಬೇಕಾದಾಗ ಬದಲಾಯಿಸಬಹುದು, ಅದರ ಕೆಳಗಿನ ಸ್ವಿಚ್ಚೂ ಅಷ್ಟೇ. ಒಳಗಿರುವ ಪಿಸಿಬಿ ಹಲಗೆ ಮಾತ್ರ ಒಮ್ಮೆ ಕೊಂಡರೆ ಕೊಂಡ ಹಾಗೆ. ಕೈಯಲ್ಲಿರುವುದರ ಅರ್ಧವನ್ನು ಹಲಗೆ, ಪ್ಲೇಟು, ಡಬ್ಬಿ ಸೇರಿದ ಕಿಟ್‌ಗೇ ಎತ್ತಿಡು. ಸ್ವಿಚ್ ಒಂದಕ್ಕೆ 20 ರೂಪಾಯಿ ಅಂತ ಹಿಡಿದರೂ 68 ಕೀಲಿಗೆ 1,360 ಆಯಿತು. ಕೀಕ್ಯಾಪ್‌ಗೆ ಉಳಿದದ್ದು ಸಾಕು.

ಹಲಗೆ ಕೊಳ್ಳುವಾಗ ಎರಡು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡ. ಅದು ಹಾಟ್‌ಸ್ವಾಪ್ ಆಗಿರಬೇಕು, ಅಂದರೆ ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಹಾಕುವಂತಿರಬೇಕು. ಹಾಗೆ ಬರೆದಿದ್ದರೂ ಕೇಳಿ ನೋಡು: ಕೆಲವು ಅಗ್ಗದ ಹಲಗೆಗಳ ಸಾಕೆಟ್ ಕಿರಿದು, ಔಟೆಮು ಕಂಪನಿಯ ತೆಳು ಪಿನ್ ಬಿಟ್ಟರೆ ಬೇರೆಯವು ಹೋಗೋದೇ ಇಲ್ಲ. ಎರಡನೆಯದು, ಅದು ಕ್ಯೂಎಂಕೆ ಅಥವಾ ವಯಾ ತಂತ್ರಾಂಶಕ್ಕೆ ಒಗ್ಗಬೇಕು. ಯಾವ ಕೀಲಿ ಏನು ಮಾಡಬೇಕು ಅಂತ ನೀನೇ ತೀರ್ಮಾನಿಸುವ ಸ್ವಾತಂತ್ರ್ಯ ಅದರಿಂದ ಸಿಗುತ್ತೆ. ಇದು ಯಾಕೆ ಬೇಕು ಅನ್ನೋದೇ ನಾನು ಮುಖ್ಯವಾಗಿ ಹೇಳಬೇಕಾದ ಮಾತು.

ಕೀಬೋರ್ಡ್ ಕಟ್ಟುವುದನ್ನು ಹೇಳಿಕೊಡುವವರಲ್ಲಿ ಹೆಚ್ಚಿನವರು ಇಂಗ್ಲಿಷ್ ಟೈಪಿಸುವವರು. ಅವರ ಚಿಂತೆಯೆಲ್ಲ ಸ್ಪೇಸ್‌ಬಾರ್ ಸದ್ದಿನ ಮೇಲೆ. ನೀನು ಬರೆಯೋದು ಕನ್ನಡ, ಅದೂ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ನುಡಿ ತಂತ್ರಾಂಶದಲ್ಲಿ. ಅಲ್ಲಿ ಮಹಾಪ್ರಾಣಕ್ಕೆ ಶಿಫ್ಟ್ ಒತ್ತಬೇಕು, ದೀರ್ಘಕ್ಕೂ ಶಿಫ್ಟ್. 'ಧೂಳು' ಅಂತ ಟೈಪಿಸಿ ನೋಡು. ಧಕಾರಕ್ಕೊಂದು ಶಿಫ್ಟ್, ಊಕಾರಕ್ಕೊಂದು, ಳಕಾರಕ್ಕೊಂದು. ನಾಲ್ಕು ಕೀಲಿಯ ಪದದಲ್ಲಿ ಮೂರು ಸಲ ಕಿರುಬೆರಳು ಕೆಳಗಿಳಿಯುತ್ತೆ. ಒತ್ತಕ್ಷರ ಬಂದಾಗಲೆಲ್ಲ ಎಫ್ ಕೀಲಿ ಬೇರೆ. ದಿನವಿಡೀ ಕನ್ನಡ ಟೈಪಿಸಿ ಬದುಕು ಕಟ್ಟಿಕೊಂಡವನು ನಾನು. ಕೈ ನೋವು ಶುರುವಾಗೋದು ಯಾವತ್ತೂ ಆ ಕಿರುಬೆರಳಿನಿಂದಲೇ.

ಹಾಗಾಗಿ ಎರಡೂ ಶಿಫ್ಟ್ ಕೀಲಿಗಳ ಕೆಳಗೆ ಉಳಿದವಕ್ಕಿಂತ ಹಗುರ ಸ್ಪ್ರಿಂಗಿನ ಸ್ವಿಚ್ ಹಾಕು. ಹಾಟ್‌ಸ್ವಾಪ್ ಹಲಗೆಯಲ್ಲಿ ಇದು ಒಂದು ನಿಮಿಷದ ಕೆಲಸ. ಆಮೇಲೆ ಕ್ಯೂಎಂಕೆಯಲ್ಲಿ ಒನ್‌ಶಾಟ್ ಶಿಫ್ಟ್ ಅಂತ ಒಂದು ಅನುಕೂಲ ಇದೆ. ಶಿಫ್ಟನ್ನು ಹಿಡಿದುಕೊಂಡೇ ಇರಬೇಕಿಲ್ಲ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಕೀಲಿಗೆ ಮಾತ್ರ ಅನ್ವಯ ಆಗುತ್ತೆ. ಬೇಕಿದ್ದರೆ ಅದನ್ನು ಹೆಬ್ಬೆರಳಿಗೆ ಸಿಗುವ ಆಲ್ಟ್ ಕೀಲಿಗೂ ಕೊಡಬಹುದು. ರೂಢಿಯಾಗೋಕೆ ಸ್ವಲ್ಪ ದಿನ ಹಿಡಿಯುತ್ತೆ, ಬೇಸರಿಸಬೇಡ. ಒಂದು ತಿಳಿದಿರಲಿ: ಕೀಬೋರ್ಡ್ ಕಳಿಸೋದು ಯಾವ ಕೀಲಿ ಒತ್ತಿದೆ ಅನ್ನೋ ಸಂಕೇತವನ್ನಷ್ಟೇ. ಅದನ್ನು ಕನ್ನಡ ಅಕ್ಷರ ಮಾಡೋದು ಕಂಪ್ಯೂಟರಿನ ಕೆಲಸ. ಕನ್ನಡ ಅಚ್ಚಾದ ಕೀಕ್ಯಾಪ್‌ಗಾಗಿ ಅಲೆದಾಡಬೇಡ. ನಿನ್ನ ಬೆರಳಿಗೆ ಅಕ್ಷರಗಳ ಜಾಗ ಗೊತ್ತಿದೆ.

61 ಕೀಲಿಯ ಪುಟ್ಟ ಹಲಗೆ ಇನ್ನೂ ಅಗ್ಗ, ನಿಜ. ಆದರೆ ಅದರಲ್ಲಿ ಬಾಣದ ಕೀಲಿಗಳಿಲ್ಲ. ಬರೆದದ್ದನ್ನು ತಿದ್ದುವವಳಿಗೆ ಬಾಣದ ಕೀಲಿ ಬೇಕೇ ಬೇಕು. 68 ಕೀಲಿಯದನ್ನೇ ತಗೋ.

ಸ್ವಿಚ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಜರ್ಮನಿಯ ಚೆರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚೇ ಇವತ್ತಿಗೂ ಮೂಲ ಮಾದರಿ. ಅದರ ಪೇಟೆಂಟ್ ಮುಗಿದ ಮೇಲೆ ಚೀನಾದ ಗೇಟೆರಾನ್, ಔಟೆಮು ಮುಂತಾದವರು ಅದೇ ಅಳತೆಯಲ್ಲಿ ಅಗ್ಗವಾಗಿ, ಚೆನ್ನಾಗಿಯೇ ಮಾಡ್ತಿದ್ದಾರೆ. ಕ್ಲಿಕ್ ಸದ್ದಿನ ನೀಲಿ ಸ್ವಿಚ್ ಹಾಸ್ಟೆಲ್ ಕೋಣೆಗೆ ಬೇಡ, ಪಕ್ಕದ ಹುಡುಗಿ ನಿದ್ದೆ ಮಾಡಬೇಕಲ್ಲ. ಉಳಿದವುಗಳಲ್ಲಿ ನುಣ್ಣಗೆ ಇಳಿಯುವ ಲೀನಿಯರ್ರೋ, ನಡುವೆ ಬೆರಳಿಗೆ ತುಸು ತಡೆ ಕೊಡುವ ಟ್ಯಾಕ್ಟೈಲೋ ಅನ್ನೋದನ್ನ ವಿಡಿಯೋದ ಸದ್ದು ಕೇಳಿ ತೀರ್ಮಾನ ಮಾಡಬೇಡ. ಆ ಸದ್ದಿನಲ್ಲಿ ಅವರ ಮೇಜು, ಡಬ್ಬಿ, ಮೈಕು ಎಲ್ಲ ಸೇರಿರುತ್ತೆ. ಬಿಡಿಯಾಗಿ ಮೂರ್ನಾಲ್ಕು ಥರದ್ದು ತಂದು ಒತ್ತಿ ನೋಡು. ಕಾರ್ಖಾನೆಯಲ್ಲೇ ಗ್ರೀಸ್ ಹಚ್ಚಿ ಬಂದದ್ದನ್ನು ಕೊಂಡರೆ ಒಂದೊಂದನ್ನೂ ಬಿಚ್ಚುವ ಕೆಲಸ ತಪ್ಪುತ್ತೆ. ನೀನೇ ಹಚ್ಚಿ, ಅದು ಹೆಚ್ಚಾದರೆ ಅಂಬಲಿಯೊಳಗೆ ಬೆರಳಿಟ್ಟ ಹಾಗಾಗುತ್ತೆ.

ನಿನ್ನ ತಾಳ್ಮೆಯೆಲ್ಲ ಸ್ಟೆಬಿಲೈಸರಿಗೆ ಇರಲಿ. ಸ್ಪೇಸ್‌ಬಾರ್, ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್‌ನಂಥ ಉದ್ದದ ಕೀಲಿಗಳನ್ನು ಎರಡೂ ತುದಿಯಲ್ಲಿ ಹಿಡಿಯುವ ತಂತಿ ಅದು. ದುಬಾರಿ ಕೀಬೋರ್ಡೂ ಗಲಗಲ ಅನ್ನೋದು ಇದು ಸರಿಯಿಲ್ಲದಾಗ. ತಂತಿಯನ್ನು ಕನ್ನಡಿಯ ಮೇಲೆ ಮಲಗಿಸು. ಒಂದು ತುದಿ ಒತ್ತಿದಾಗ ಇನ್ನೊಂದು ಎದ್ದರೆ ತಂತಿ ತಿರುಚಿದೆ ಅಂತ ಅರ್ಥ. ಇಕ್ಕಳದಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ಮತ್ತೆ ಕನ್ನಡಿಯ ಮೇಲೆ ಇಟ್ಟು ನೋಡು. ಪೂರ್ತಿ ಸಮ ಕೂತ ಮೇಲೆ ತಂತಿಯ ತುದಿ ಪ್ಲಾಸ್ಟಿಕ್ಕಿನೊಳಗೆ ಹೋಗುವ ಜಾಗಕ್ಕೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚು. ಇಲ್ಲಿ ಮಾತ್ರ ಕೈ ಧಾರಾಳವಾಗಿರಲಿ. ಹಲಗೆಯ ಹಿಂಬದಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಟೊಳ್ಳು ಸದ್ದು ಎಷ್ಟೋ ಇಳಿಯುತ್ತೆ.

ಸ್ವಿಚ್ ಕೂರಿಸುವಾಗ ಪ್ರತಿಯೊಂದರ ಲೋಹದ ಎರಡು ಪಿನ್ನನ್ನೂ ಬೆಳಕಿಗೆ ಹಿಡಿದು ನೋಡು. ಬಾಗಿದ್ದರೆ ಚಿಮಟದಲ್ಲಿ ನೆಟ್ಟಗೆ ಮಾಡು. ಹಲಗೆಯ ಕೆಳಗೆ ಸಾಕೆಟ್ಟಿಗೆ ಬೆರಳು ಆನಿಸಿಕೊಂಡೇ ಮೇಲಿಂದ ಒತ್ತು, ಇಲ್ಲದಿದ್ದರೆ ಸಾಕೆಟ್ಟೇ ಕಿತ್ತು ಬರಬಹುದು. ಕೀಕ್ಯಾಪ್ ಹಾಕುವ ಮೊದಲೇ ಕಂಪ್ಯೂಟರಿಗೆ ಜೋಡಿಸಿ ಎಲ್ಲ ಕೀಲಿಯನ್ನೂ ಪರೀಕ್ಷೆ ಮಾಡು. ಯಾವುದಾದರೂ ಮಾತಾಡದಿದ್ದರೆ ಬಹುಪಾಲು ಪಿನ್ ಮಡಚಿಕೊಂಡಿರುತ್ತೆ, ಅಷ್ಟಕ್ಕೇ ಗಾಬರಿಯಾಗಬೇಡ. ಕೀಕ್ಯಾಪ್ ಪಿಬಿಟಿ ಪ್ಲಾಸ್ಟಿಕ್ಕಿನದೇ ಇರಲಿ. ಎಬಿಎಸ್ ಬಲುಬೇಗ ಎಣ್ಣೆ ಹಚ್ಚಿದ ಹಾಗೆ ಹೊಳೆಯತೊಡಗುತ್ತೆ. ಮುಂಗಡ ದುಡ್ಡು ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಕಾಯಿಸುವ ಗ್ರೂಪ್‌ಬೈಗಳ ತಂಟೆಗೆ ಸದ್ಯ ಹೋಗಬೇಡ.

ಕಿಟ್‌ಗೂ ದುಡ್ಡು ಸಾಲದೆ ಹೋದರೆ ಇನ್ನೊಂದು ದಾರಿ ಇದೆ, ನನಗೆ ಅದರ ಮೇಲೇ ಹೆಚ್ಚು ಪ್ರೀತಿ. ಪಿಸಿಬಿಯೇ ಇಲ್ಲದೆ ತಂತಿಯಲ್ಲಿ ಹೆಣೆಯೋದು. ಒಂದು ರಾಸ್ಪ್‌ಬೆರಿ ಪೈ ಪಿಕೋ ಅನ್ನೋ ಪುಟ್ಟ ಕಂಟ್ರೋಲರ್ ಸಾಕು. ಸ್ವಿಚ್ಚುಗಳನ್ನು 5 ಅಡ್ಡಸಾಲು, 15 ಕಂಬಸಾಲಾಗಿ ಜೋಡಿಸಿದರೆ 20 ಪಿನ್ನಿನಲ್ಲಿ ಎಲ್ಲವೂ ಮುಗಿಯುತ್ತೆ, ಪಿಕೋದಲ್ಲಿ 26 ಇವೆ. ಸ್ವಿಚ್ಚಿಗೊಂದರಂತೆ 1ಎನ್4148 ಡಯೋಡ್ ಬೇಕು. ಅದಿಲ್ಲದಿದ್ದರೆ ಮೂರು ಕೀಲಿ ಒಟ್ಟಿಗೆ ಒತ್ತಿದಾಗ ಕರೆಂಟು ಹಿಂದಕ್ಕೆ ಹರಿದು, ಒತ್ತದ ನಾಲ್ಕನೆಯ ಕೀಲಿಯೂ ಒತ್ತಿದಂತೆ ಕಾಣಬಹುದು. ಡಯೋಡಿನ ಕಪ್ಪು ಪಟ್ಟಿ ಎಲ್ಲ ಕಡೆ ಒಂದೇ ದಿಕ್ಕಿಗಿರಲಿ. ಇದರಲ್ಲಿ ಹಾಟ್‌ಸ್ವಾಪ್ ಸುಖ ಇಲ್ಲ, ಎರಡು ಮೂರು ಭಾನುವಾರವೂ ಹೋಗುತ್ತೆ. ಆದರೆ ಕೀಲಿ ಒತ್ತಿದಾಗ ಒಳಗೆ ಏನಾಗುತ್ತೆ ಅನ್ನೋದು ಮತ್ತೆಂದೂ ಮರೆಯಲ್ಲ.

ಡಯೋಡು, ತಂತಿ, ಪಿಕೋ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಸಿಗುತ್ತೆ. ಸ್ವಿಚ್ ತರುವಾಗ ಐದಾರು ಹೆಚ್ಚಿಗೆ ತಾ. ಸೋಲ್ಡರಿಂಗ್ ಐರನ್ ಮಾತ್ರ ಕೊಳ್ಳಬೇಡ, ನನ್ನದೇ ಇದೆ, ಬಂದು ತಗೊಂಡು ಹೋಗು.

ನಿನ್ನ ದೊಡ್ಡಪ್ಪ