ಸ್ವಚ್ಛವಾಹಿನಿಯ ಕೂಲಂಟ್ ಟ್ಯಾಂಕ್ ಸೋರಿಕೆ: ಸಕಾಲದ ದುರಸ್ತಿ ಮತ್ತು ಸದಸ್ಯರ ಹೊಣೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಮನೆಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛವಾಹಿನಿಯನ್ನು ಹಲವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರೇ ತರಬೇತಿ ಪಡೆದು ಚಲಾಯಿಸುತ್ತಿದ್ದಾರೆ. ವಾಹನ ಹಳತಾದಂತೆ ತಲೆದೋರುವ ದೋಷಗಳಲ್ಲಿ ನೋಡಲು ಸಣ್ಣದು, ಅಲಕ್ಷಿಸಿದರೆ ಎಂಜಿನ್ನಿಗೇ ಕುತ್ತು ತರುವಂಥದು ಕೂಲಂಟ್ ಟ್ಯಾಂಕಿನ ಸೋರಿಕೆ. ಪ್ಲಾಸ್ಟಿಕ್ ಟ್ಯಾಂಕ್ ಬದಲಿಸುವ ಖರ್ಚು ಅಲ್ಪ. ಎಂಜಿನ್ ಬಿಚ್ಚಿ ಕಟ್ಟಿಸುವ ಖರ್ಚು ಅದರ ಹಲವು ಪಟ್ಟು. ಆದ್ದರಿಂದ ಈ ವಿಷಯವನ್ನು ಚಾಲಕಿ ಮತ್ತು ಮೆಕ್ಯಾನಿಕ್ ಮಾತ್ರವಲ್ಲದೆ ವೆಚ್ಚಕ್ಕೆ ಮಂಜೂರಾತಿ ನೀಡುವ ಸದಸ್ಯರೂ ತಿಳಿದಿರುವುದು ಅವಶ್ಯ. ಹತ್ತು ವರ್ಷ ದಾಟಿದ ಕಾರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

1. ಟ್ಯಾಂಕಿನ ಕಾರ್ಯ

ಎಂಜಿನ್ ಸಾಮಾನ್ಯವಾಗಿ 85 ರಿಂದ 95 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲಸ ಮಾಡುತ್ತದೆ. ಅದರ ಸುತ್ತ ಹರಿಯುವ ಕೂಲಂಟ್ ಕಾದಾಗ ಹಿಗ್ಗುತ್ತದೆ. ಹಿಗ್ಗಿದ ದ್ರವಕ್ಕೆ ಜಾಗ ಕೊಟ್ಟು, ತಣಿದ ಮೇಲೆ ಅದನ್ನು ಮರಳಿ ಕಳುಹಿಸುವುದೇ ಈ ಟ್ಯಾಂಕಿನ ಕೆಲಸ.

ಟ್ಯಾಂಕಿನ ಮುಚ್ಚಳವೂ ಒಂದು ಯಂತ್ರಭಾಗವೇ. ಹಲವು ವಾಹನಗಳಲ್ಲಿ ಅದು ಸುಮಾರು 1 ಬಾರ್ ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ನಮ್ಮ ಭಾಗದ ನೆಲ ಸಮುದ್ರಮಟ್ಟದಿಂದ ಸುಮಾರು 600 ರಿಂದ 700 ಮೀಟರ್ ಎತ್ತರದಲ್ಲಿದ್ದು, ಬರಿಯ ನೀರು ಇಲ್ಲಿ ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಒತ್ತಡದಲ್ಲಿರುವ ಕೂಲಂಟ್ ಮಾತ್ರ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಟ್ಯಾಂಕ್ ಸೀಳಿದರೆ ದ್ರವ ಕಡಿಮೆಯಾಗುವುದರ ಜೊತೆಗೆ ಈ ಒತ್ತಡವೂ ಹೋಗಿ, ಉಳಿದ ದ್ರವ ಬೇಗನೆ ಕುದಿಯುತ್ತದೆ.

ಕೆಲವು ವಾಹನಗಳಲ್ಲಿ ಒತ್ತಡದ ಮುಚ್ಚಳ ರೇಡಿಯೇಟರ್ ಮೇಲಿದ್ದು, ಪಕ್ಕದ ಡಬ್ಬಿಯು ಹೆಚ್ಚುವರಿ ಕೂಲಂಟ್ ಶೇಖರಣೆಗಷ್ಟೇ ಇರುತ್ತದೆ. ತಮ್ಮ ವಾಹನದಲ್ಲಿ ಯಾವ ವಿಧವಿದೆ ಎಂಬುದನ್ನು ಮೊದಲು ತಿಳಿದುಕೊಳ್ಳತಕ್ಕದ್ದು.

2. ಸೋರಿಕೆಯ ಕಾರಣ ಮತ್ತು ಗುರುತುಗಳು

ದಿನವೂ ಕಾದು ತಣಿಯುವ ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಹಳದಿಯಾಗಿ, ಪೆಡಸಾಗಿ ಬಿರುಕು ಬಿಡುತ್ತದೆ. ಸ್ವಚ್ಛವಾಹಿನಿಯ ಓಡಾಟವೂ ಇದಕ್ಕೆ ಕಾರಣ. ಓಣಿಗಳಲ್ಲಿ ಮನೆಗೊಮ್ಮೆ ನಿಂತು ಕೆಳ ಗೇರಿನಲ್ಲೇ ಸಾಗುವಾಗ ರೇಡಿಯೇಟರಿಗೆ ಎದುರುಗಾಳಿ ದೊರೆಯದು. ಬೇಸಿಗೆಯ ಬಿಸಿಲಿನಲ್ಲಿ, ಯಲ್ಲಮ್ಮನ ಗುಡ್ಡದಂತಹ ಏರುದಾರಿಗಳಲ್ಲಿ ತುಂಬಿದ ವಾಹನದ ಎಂಜಿನ್ ಇನ್ನಷ್ಟು ಕಾಯುತ್ತದೆ.

ಸೋರಿಕೆ ಸಾಮಾನ್ಯವಾಗಿ ಟ್ಯಾಂಕಿನ ಎರಡು ಭಾಗಗಳನ್ನು ಬೆಸೆದ ಗೆರೆಯಲ್ಲಿ, ಪೈಪ್ ಕೂಡುವ ಕೊರಳಿನಲ್ಲಿ ಹಾಗೂ ಮುಚ್ಚಳದ ರಬ್ಬರಿನಲ್ಲಿ ಕಾಣಿಸುತ್ತದೆ. ಒಣಗಿದ ಹಸಿರು, ಗುಲಾಬಿ ಅಥವಾ ಬಿಳಿ ಕಲೆ, ನಿಲ್ಲಿಸಿದ ಜಾಗದಲ್ಲಿ ಒದ್ದೆ, ಸಿಹಿ ವಾಸನೆ, ವಾರವಾರ ಇಳಿಯುವ ಮಟ್ಟ ಇವು ಅದರ ಗುರುತುಗಳು. ಸೂಕ್ಷ್ಮ ಬಿರುಕು ಎಂಜಿನ್ ಕಾದಾಗ ಮಾತ್ರ ಸೋರುವುದುಂಟು. ಆದುದರಿಂದ ಗ್ಯಾರೇಜಿನಲ್ಲಿ ಒತ್ತಡ ಪರೀಕ್ಷೆಯ ಪಂಪಿನಿಂದ, ಮುಚ್ಚಳದ ಮೇಲೆ ಮುದ್ರಿಸಿದ ಒತ್ತಡ ಮೀರದಂತೆ ಪರೀಕ್ಷಿಸುವುದು ಉತ್ತಮ.

ಹೊರಗೆ ಎಲ್ಲಿಯೂ ಸೋರಿಕೆಯಿಲ್ಲದೆ ಮಟ್ಟ ಇಳಿಯುತ್ತಿದ್ದರೆ, ಹೊಗೆ ಬಿಳಿಯಾಗಿದ್ದರೆ ಅಥವಾ ಎಂಜಿನ್ ಎಣ್ಣೆ ಹಾಲು ಬೆರೆತಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ದೋಷವನ್ನು ಶಂಕಿಸಬೇಕು. ಅಂತಹ ವಾಹನಕ್ಕೆ ಹೊಸ ಟ್ಯಾಂಕ್ ಹಾಕಿಸಿದರೆ ಹಣ ವ್ಯರ್ಥ.

3. ದಾರಿಯಲ್ಲಿ ಎಂಜಿನ್ ಕಾದಾಗ

ಶಾಖದ ಮುಳ್ಳು ಕೆಂಪು ಗೆರೆಯತ್ತ ಏರಿದರೆ ವಾಹನವನ್ನು ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡತಕ್ಕದ್ದು. ಬಿಸಿ ಇರುವಾಗ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡ ಇಳಿದೊಡನೆ ಕುದಿಯುವ ದ್ರವ ಮುಖ, ಕೈಗಳ ಮೇಲೆ ಚಿಮ್ಮಿ ತೀವ್ರ ಸುಟ್ಟಗಾಯಗಳಾಗುತ್ತವೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು. ಲೋಹ ಬಿರಿಯುವ ಅಪಾಯವಿದೆ. “ಇದೊಂದು ಸುತ್ತು ಮುಗಿಸಿಬಿಡಿ” ಎಂದು ಚಾಲಕಿಯನ್ನು ಒತ್ತಾಯಿಸುವುದು ಸರಿಯಲ್ಲ. ಆ ಒಂದು ಸುತ್ತಿನಲ್ಲೇ ಎಂಜಿನ್ ಜಾಮ್ ಆಗಬಹುದು.

4. ದುರಸ್ತಿಯ ಕ್ರಮ

ಗಮ್ ಅಥವಾ ಪುಟ್ಟಿ ಹಚ್ಚಿ ಬಿರುಕು ಮುಚ್ಚುವುದು ಗ್ಯಾರೇಜ್ ತಲುಪುವವರೆಗಿನ ಉಪಾಯ ಮಾತ್ರ. ಕಾವು ಮತ್ತು ಒತ್ತಡಕ್ಕೆ ಅದು ಬಹುಕಾಲ ನಿಲ್ಲುವುದಿಲ್ಲ. ಶಾಶ್ವತ ಪರಿಹಾರವೆಂದರೆ ಟ್ಯಾಂಕ್ ಬದಲಿಸುವುದು.

ಅ) ಎಂಜಿನ್ ಪೂರ್ಣ ತಣಿದ ಮೇಲೆ, ಮೇಲಾಗಿ ಮುಂಜಾನೆ, ಮುಚ್ಚಳವನ್ನು ನಿಧಾನವಾಗಿ ತೆರೆಯುವುದು.
ಆ) ಒಳಗಿನ ದ್ರವವನ್ನು ಪಾತ್ರೆಯೊಂದಕ್ಕೆ ಇಳಿಸಿಕೊಂಡು, ಪೈಪುಗಳ ಕ್ಲಿಪ್ ಹಾಗೂ ಸ್ಕ್ರೂ ಸಡಿಲಿಸಿ ಹಳೆಯ ಟ್ಯಾಂಕ್ ತೆಗೆಯುವುದು.
ಇ) ಪೈಪಿನ ತುದಿ ಬಿರಿದಿದ್ದರೆ, ಕ್ಲಿಪ್ ತುಕ್ಕು ಹಿಡಿದಿದ್ದರೆ ಅವನ್ನೂ ಬದಲಿಸುವುದು. ಮುಚ್ಚಳವನ್ನು ಅದೇ ಒತ್ತಡದ ಅಂಕಿಯುಳ್ಳ ಹೊಸದರಿಂದ ಬದಲಿಸುವುದು.
ಈ) ವಾಹನದ ಕೈಪಿಡಿಯಲ್ಲಿ ಸೂಚಿಸಿದ ಕೂಲಂಟನ್ನೇ ತುಂಬುವುದು. ಸಾಂದ್ರ ಕೂಲಂಟ್ ಆದರೆ ಸಾಮಾನ್ಯವಾಗಿ ಅದರಷ್ಟೇ ಡಿಸ್ಟಿಲ್ಡ್ ನೀರು ಬೆರೆಸಬೇಕು. ಬೆರೆಸಿಯೇ ಮಾರುವ ಕೂಲಂಟಿಗೆ ನೀರು ಸೇರಿಸಬಾರದು. ಬಣ್ಣ ಒಂದೇ ಎಂಬ ಕಾರಣಕ್ಕೆ ಬೇರೆ ಜಾತಿಯದನ್ನು ಕೂಡಿಸಬಾರದು.
ಉ) ಪೈಪುಗಳಲ್ಲಿ ಸಿಕ್ಕ ಗಾಳಿಯನ್ನು ಕೈಪಿಡಿಯ ಕ್ರಮದಂತೆ ಹೊರಬಿಡುವುದು. ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ, ತಣಿದ ಮೇಲೆ ಮಟ್ಟವನ್ನು ಮತ್ತೆ ನೋಡುವುದು. ನಂತರದ ಕೆಲವು ದಿನವೂ ಪ್ರತಿ ಮುಂಜಾನೆ ಪರಿಶೀಲಿಸುವುದು.

5. ನೀರಿನ ವಿಷಯ

ಮಟ್ಟ ಇಳಿದಾಗಲೆಲ್ಲ ಕೊಳವೆಬಾವಿಯ ನೀರು ಸುರಿಯುವ ರೂಢಿ ಹಲವೆಡೆ ಇದೆ. ಗಡಸು ನೀರು ಕಾದಾಗ, ಚಹಾ ಪಾತ್ರೆಯ ತಳದಲ್ಲಿ ಕಟ್ಟುವಂತಹ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲಂಟಿನ ತುಕ್ಕುನಿರೋಧಕ ಗುಣವೂ ತೆಳುವಾಗುತ್ತದೆ. ತುರ್ತಿನಲ್ಲಿ ನೀರು ಹಾಕಿದ್ದರೆ, ದುರಸ್ತಿಯ ವೇಳೆ ಪೂರ್ಣ ದ್ರವವನ್ನು ಬದಲಿಸುವುದು ಲೇಸು.

ತೆಗೆದ ಹಳೆಯ ಕೂಲಂಟನ್ನು ಚರಂಡಿಗೆ ಅಥವಾ ಬಯಲಿಗೆ ಚೆಲ್ಲಬಾರದು. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ದನಕರು ಹಾಗೂ ಮಕ್ಕಳಿಗೆ ಪ್ರಾಣಾಪಾಯ ತರಬಲ್ಲದು. ಅದನ್ನು ಮುಚ್ಚಿದ ಡಬ್ಬಿಯಲ್ಲಿ ಹೆಸರು ಬರೆದು ಪ್ರತ್ಯೇಕವಾಗಿಟ್ಟು, ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡತಕ್ಕದ್ದು.

6. ಪಂಚಾಯಿತಿಯ ಹೊಣೆ

ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ, ಟ್ಯಾಂಕಿನ ಮೇಲಿನ ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ಕೂಲಂಟ್ ಇದೆಯೇ ಎಂದು ನೋಡಿ ಲಾಗ್ ಪುಸ್ತಕದಲ್ಲಿ ದಾಖಲಿಸುವ ಪದ್ಧತಿ ಒಳ್ಳೆಯದು. ಎಷ್ಟು, ಯಾವ ದಿನ ತುಂಬಲಾಯಿತು ಎಂಬುದನ್ನೂ ಬರೆದರೆ ಸೋರಿಕೆ ತಾನಾಗಿಯೇ ಬಯಲಾಗುತ್ತದೆ.

ವಾಹನ ನಿರ್ವಹಣೆಯನ್ನು ಒಕ್ಕೂಟಕ್ಕೆ ವಹಿಸಿದ್ದಲ್ಲಿ, ದುರಸ್ತಿ ವೆಚ್ಚ ಯಾರದೆಂಬುದನ್ನು ಒಪ್ಪಂದದಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಈ ಬಗ್ಗೆ ಗೊಂದಲವಿದ್ದರೆ ಚಾಲಕಿಯು ದೋಷ ತಿಳಿಸಲು ಹಿಂಜರಿಯುತ್ತಾಳೆ ಅಥವಾ ತನ್ನ ಕೈಯಿಂದ ಹಣ ಹಾಕುತ್ತಾಳೆ, ಎರಡೂ ಆಗಬಾರದು. ದೋಷವನ್ನು ಮೊದಲು ತಿಳಿಸಿದವರನ್ನು ದೂರುವ ಬದಲು, ಅದೇ ದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಗಮನಕ್ಕೆ ತಂದು ನಿಯಮಾನುಸಾರ ದುರಸ್ತಿ ಮಾಡಿಸುವುದು ಪಂಚಾಯಿತಿಯ ಹಣಕ್ಕೂ ಅವರ ಜೀವಕ್ಕೂ ರಕ್ಷಣೆ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1) ನಮ್ಮ ವಾಹನದ ಕೂಲಂಟ್ ಮಟ್ಟವನ್ನು ಕೊನೆಯದಾಗಿ ಯಾವಾಗ ಪರಿಶೀಲಿಸಲಾಯಿತು? ದಾಖಲೆ ಇದೆಯೇ?
2) ಟ್ಯಾಂಕಿಗೆ ಈಗ ತುಂಬುತ್ತಿರುವುದು ಕೂಲಂಟೋ, ನಲ್ಲಿ ನೀರೋ?
3) ವಾಹನ ಕೆಟ್ಟು ನಿಂತ ದಿನ ಕಸ ಸಂಗ್ರಹಕ್ಕೆ ಬದಲಿ ವ್ಯವಸ್ಥೆ ಏನು?
4) ಸಣ್ಣ ದುರಸ್ತಿಗೆ ಯಾರ ಅನುಮತಿ ಬೇಕು, ಅದು ಎಷ್ಟು ದಿನದಲ್ಲಿ ದೊರೆಯುತ್ತದೆ?